ಮೋಟರ್‌ಹೋಮ್‌ನಲ್ಲಿ ಮೆಕ್ಸಿಕೊ: ಗಡಿಯಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸಗಳು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ಗಾಡಿಯಲ್ಲಿ, ಅಂದರೆ ಮೋಟರ್‌ಹೋಮ್‌ನಲ್ಲಿ ಮೆಕ್ಸಿಕೊ ಸುತ್ತುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕಡಲತೀರಗಳ ವರ್ಣನೆ ಸೊಗಸಾಗಿದೆ. ಓದಿದವರಿಗೆ ಹೊರಡುವ ಮನಸ್ಸಾಗುವುದು ಖಂಡಿತ. ಆದರೆ ಗಡಿ ದಾಟುವ ವಿಚಾರ ಅದರಲ್ಲಿ ಒಂದೇ ಸಾಲಿಗೆ ಮುಗಿದುಹೋಗಿದೆ. ಈ ಪ್ರವಾಸ ಕೆಡುವುದು ಬಹುಪಾಲು ಆ ಒಂದು ಸಾಲಿನಲ್ಲೇ. ಕಳ್ಳರ ಭಯಕ್ಕೆ ಮೂರು ಮೂರು ಸಲ ಬೀಗ ಎಳೆದು ನೋಡುವವರೂ ವಾಹನದ ಪರ್ಮಿಟ್‌ನಲ್ಲಿ ಚಾಸಿ ನಂಬರು ಸರಿಯಾಗಿದೆಯೇ ಎಂದು ಒಮ್ಮೆಯೂ ನೋಡದೆ ಸಾವಿರ ಕಿಲೋಮೀಟರ್ ಒಳಕ್ಕೆ ಹೋಗಿಬಿಡುತ್ತಾರೆ. ಆದ್ದರಿಂದ ಪತ್ರ ತುಸು ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ಮೊದಲು ತಿಳಿಯಬೇಕಾದ್ದು ಇಷ್ಟು. ಅಮೆರಿಕದಿಂದ ಮೆಕ್ಸಿಕೊಗೆ ರಸ್ತೆಯಲ್ಲಿ ಹೋಗುವಾಗ ನಿಮ್ಮನ್ನು ತಡೆದು ಪಾಸ್‌ಪೋರ್ಟ್ ಕೇಳುವವರು ಅನೇಕ ಕಡೆ ಇರುವುದಿಲ್ಲ. ಕಸ್ಟಮ್ಸ್ ಗೇಟಿನಲ್ಲಿ ಹಸಿರು ದೀಪ ಬಿದ್ದರೆ ಹೋಗಬಹುದು, ಕೆಂಪು ಬಿದ್ದರೆ ಪಕ್ಕಕ್ಕೆ ನಿಲ್ಲಿಸಿ ತಪಾಸಣೆ, ಅಷ್ಟೇ. ಹಸಿರು ಬಿತ್ತೆಂದು ಸೀದಾ ಊರೊಳಗೆ ಹೋದರೆ ನೀವು ದೇಶದೊಳಗೆ ಇದ್ದೀರಿ, ಆದರೆ ದಾಖಲೆಯ ಪ್ರಕಾರ ಬಂದೇ ಇಲ್ಲ. ವಲಸೆ ಇಲಾಖೆಯ ಕಚೇರಿ ಎಲ್ಲಿದೆಯೆಂದು ನೀವೇ ಹುಡುಕಿ, ಗಾಡಿ ನಿಲ್ಲಿಸಿ, ಒಳಗೆ ಹೋಗಿ ಮುದ್ರೆ ಹಾಕಿಸಿಕೊಳ್ಳಬೇಕು. ಬೇಕಾದ ಕಾಗದ ಮೂರು: ಮನುಷ್ಯನದು, ವಾಹನದ್ದು, ವಿಮೆಯದು. ಮೂರನ್ನೂ ಕೊಡುವವರು ಬೇರೆ ಬೇರೆ, ಮೂರರ ಅವಧಿಯೂ ಬೇರೆ ಬೇರೆ. ಇವು ಒಂದಕ್ಕೊಂದು ಹೊಂದುವವರೆಗೆ ಗಡಿಯ ಊರು ಬಿಟ್ಟು ಹೊರಡಬಾರದು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೊ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಯುರೋಪಿನ ಷೆಂಗೆನ್ ಒಕ್ಕೂಟದ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ, ಇಲ್ಲವೇ ಆ ದೇಶಗಳಲ್ಲಿ ಕಾಯಂ ವಾಸದ ಹಕ್ಕಿದ್ದರೆ ಬೇಡ. ಇಲ್ಲಿ ಎಚ್‌-1ಬಿ ಉದ್ಯೋಗ ವೀಸಾ ಮೇಲೆ ಇರುವವರು ಎಡವುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾ ಅವಧಿ ಮುಗಿದಿರುತ್ತದೆ, ಕೈಯಲ್ಲಿ ಐ-797 ಮಂಜೂರಾತಿ ಪತ್ರ ಇರುತ್ತದೆ. ಅಮೆರಿಕದೊಳಗೆ ಕೆಲಸ ಮಾಡಲು ಆ ಪತ್ರ ಸಾಕು. ಮೆಕ್ಸಿಕೊ ಅಧಿಕಾರಿಗೆ ಅದು ವೀಸಾ ಅಲ್ಲ. ಅಂಥವರು ಮುಂಚಿತವಾಗಿ ಮೆಕ್ಸಿಕೊ ಕಾನ್ಸುಲೇಟ್‌ನಲ್ಲಿ ಆ ದೇಶದ ವೀಸಾ ಪಡೆಯಲೇಬೇಕು. ಊರಿಂದ ಬಂದ ಅಪ್ಪ ಅಮ್ಮನಿಗೆ ಹತ್ತು ವರ್ಷದ ಸಂದರ್ಶಕ ವೀಸಾ ಇದ್ದರೆ ಆ ತೊಂದರೆ ಇಲ್ಲ. ಆದರೆ ಅವರ ಆರೋಗ್ಯ ವಿಮೆ ಮೆಕ್ಸಿಕೊದಲ್ಲಿ ನಡೆಯುತ್ತದೆಯೇ ಎಂದು ಪಾಲಿಸಿ ತೆಗೆದು ಓದಿ. ಅಮೆರಿಕಕ್ಕೆಂದು ಮಾಡಿಸಿದ ಎಷ್ಟೋ ಪಾಲಿಸಿಗಳು ಗಡಿಯಲ್ಲೇ ನಿಂತುಬಿಡುತ್ತವೆ.

ವಲಸೆ ಕಚೇರಿಯಲ್ಲಿ ಕೊಡುವ ಚೀಟಿಗೆ ಎಫ್‌ಎಂಎಂ ಎನ್ನುತ್ತಾರೆ. ರಸ್ತೆಯಲ್ಲಿ ಬಂದು ಏಳು ದಿನದೊಳಗೆ ಹಿಂತಿರುಗುವವರಿಗೆ ಶುಲ್ಕವಿಲ್ಲ. ಅದಕ್ಕಿಂತ ಹೆಚ್ಚಿಗೆ, ಗರಿಷ್ಠ 180 ದಿನಕ್ಕೆ, 2025ರಲ್ಲಿ ಒಬ್ಬರಿಗೆ 861 ಪೆಸೊ ಇತ್ತು. ಹೊಸ ವರ್ಷ ಬಂದಾಗ ದರ ಬದಲಾಗುತ್ತದೆ. 180 ಎಂಬುದು ಮೇಲ್ಮಿತಿ, ಹಕ್ಕಲ್ಲ. ಎಷ್ಟು ದಿನ ಎಂದು ಬರೆಯುವುದು ಕಿಟಕಿಯ ಆಚೆ ಕೂತ ಅಧಿಕಾರಿ. ಅವರು 30 ಎಂದು ಬರೆದುಬಿಟ್ಟರೆ ಆಮೇಲೆ ಒಳಗೆಲ್ಲೂ ವಿಸ್ತರಿಸಿಕೊಳ್ಳಲಾಗದು. ಆದ್ದರಿಂದ ದಾರಿಯ ಪಟ್ಟಿ, ತಂಗುವ ಸ್ಥಳಗಳ ಹೆಸರು ಕೈಯಲ್ಲಿಟ್ಟುಕೊಂಡು, ಇಷ್ಟು ದಿನ ಬೇಕು ಎಂದು ಬಾಯಿಬಿಟ್ಟು ಕೇಳಿ. ಬರೆದ ಅಂಕಿಯನ್ನು ಕಿಟಕಿ ಬಿಡುವ ಮುನ್ನ ಓದಿ ನೋಡಿ.

ಇನ್ನು ವಾಹನದ ಕಾಗದ. ವಿದೇಶಿ ನೋಂದಣಿಯ ಗಾಡಿಯನ್ನು ತಾತ್ಕಾಲಿಕವಾಗಿ ಒಳತರುವ ಪರ್ಮಿಟ್ ಇದು. ಕೊಡುವುದು ಸೇನೆಯ ಬ್ಯಾಂಕ್ ಆದ ಬಾನ್‌ಹೆರ್ಸಿತೊ. ಎಫ್‌ಎಂಎಂ ಇಲ್ಲದೆ ಅಲ್ಲಿ ಕೆಲಸವಾಗುವುದಿಲ್ಲ, ಆದ್ದರಿಂದ ವಲಸೆ ಕಿಟಕಿ ಮೊದಲು, ಬ್ಯಾಂಕ್ ಕಿಟಕಿ ಆಮೇಲೆ. ಸಾಧಾರಣ ಕಾರಿಗಾದರೆ ಠೇವಣಿ ಇಡಬೇಕು: 2007 ಮತ್ತು ನಂತರದ ಮಾಡೆಲ್‌ಗೆ 400 ಡಾಲರ್, 2001ರಿಂದ 2006ರವರೆಗಿನದಕ್ಕೆ 300, ಅದಕ್ಕೂ ಹಳೆಯದಕ್ಕೆ 200. ಕಾರಿನ ಪರ್ಮಿಟ್ ಅವಧಿ ನಿಮ್ಮ ಎಫ್‌ಎಂಎಂನಷ್ಟೇ. ಮೋಟರ್‌ಹೋಮ್‌ಗೆ, ಅಂದರೆ ಅವರ ಮಾತಿನಲ್ಲಿ ಕಾಸಾ ರೊದಾಂತೆಗೆ, ನಿಯಮ ಪೂರ್ತಿ ಬೇರೆ: ಠೇವಣಿ ಇಲ್ಲ, ಪರ್ಮಿಟ್ ಹತ್ತು ವರ್ಷದ್ದು. ಗಾಡಿಯನ್ನು ಅಲ್ಲೇ ಬಿಟ್ಟು ನೀವು ವಿಮಾನದಲ್ಲಿ ಮರಳಿ, ಮುಂದಿನ ಚಳಿಗಾಲಕ್ಕೆ ಮತ್ತೆ ಬರಬಹುದು. ಗಾಡಿಗೆ ಹತ್ತು ವರ್ಷ ಸಿಕ್ಕಿತೆಂದು ಮನುಷ್ಯನಿಗೂ ಸಿಕ್ಕಂತಲ್ಲ ಎಂಬುದು ಮಾತ್ರ ನೆನಪಿರಲಿ.

ಈ ಸೌಲಭ್ಯ ಸಿಗಬೇಕಾದರೆ ಅದು ಮೋಟರ್‌ಹೋಮ್ ಎಂದು ಕಾಗದವೂ ಹೇಳಬೇಕು, ಗಾಡಿಯೂ ಹೇಳಬೇಕು. ದೊಡ್ಡ ಬಸ್ಸಿನಂಥ ಗಾಡಿಗಳಿಗೆ ಪ್ರಶ್ನೆ ಏಳುವುದಿಲ್ಲ. ಸ್ಪ್ರಿಂಟರ್, ಟ್ರಾನ್ಸಿಟ್ ವ್ಯಾನುಗಳನ್ನು ಮನೆಯಾಗಿ ಮಾರ್ಪಡಿಸಿಕೊಂಡವರಿಗೆ ಏಳುತ್ತದೆ. ಗಾಡಿಯ ಮಾಲೀಕತ್ವದ ಪತ್ರವಾದ ಟೈಟಲ್‌ನಲ್ಲಿ ಬಾಡಿ ಮಾದರಿ ವ್ಯಾನ್ ಎಂದೇ ಉಳಿದಿದ್ದರೆ ಕಾರಿನ ಲೆಕ್ಕದಲ್ಲಿ ಠೇವಣಿ, ಹೆಚ್ಚೆಂದರೆ 180 ದಿನ. ಹೊರಡುವ ತಿಂಗಳುಗಳ ಮುಂಚೆಯೇ ನಿಮ್ಮ ರಾಜ್ಯದ ವಾಹನ ಇಲಾಖೆಯಲ್ಲಿ ಅದನ್ನು ಮೋಟರ್‌ಹೋಮ್ ಎಂದು ತಿದ್ದಿಸಿಕೊಳ್ಳುವುದು ಜಾಣತನ. ಹಾಸಿಗೆ, ಒಲೆ, ಸಿಂಕ್, ಶೌಚಾಲಯ ಇವು ಕಳಚಿ ಇಡುವಂಥವಲ್ಲ, ಗಾಡಿಗೇ ಕೂಡಿಸಿದವು ಎಂದು ಕಾಣುವ ಫೋಟೊಗಳನ್ನು ಮುದ್ರಿಸಿ ಇಟ್ಟುಕೊಳ್ಳಿ.

ಮೋಟರ್‌ಹೋಮ್‌ಗಳ ಇನ್ನೊಂದು ಗೋಜಲು: ಚಾಸಿ ಮಾಡಿದವರು ಒಬ್ಬರು, ಮೇಲಿನ ಮನೆ ಕಟ್ಟಿದವರು ಇನ್ನೊಬ್ಬರು. ಚಾಸಿ ಫೋರ್ಡ್ ಅಥವಾ ಫ್ರೈಟ್‌ಲೈನರ್ ಆಗಿದ್ದು ಮೇಲೆ ವಿನೆಬೇಗೊ ಎಂದಿರುತ್ತದೆ. ಎರಡರ ಮಾಡೆಲ್ ವರ್ಷದಲ್ಲೂ ಒಂದು ವರ್ಷದ ವ್ಯತ್ಯಾಸ ಇರಬಹುದು. ಪರ್ಮಿಟ್‌ನಲ್ಲಿ ಯಾವುದು ಬರಬೇಕು ಎಂದರೆ ಟೈಟಲ್‌ನಲ್ಲಿ ಯಾವುದಿದೆಯೋ ಅದು. ವಾಹನದ ಗುರುತಿನ ಸಂಖ್ಯೆಯ 17 ಅಕ್ಷರಗಳನ್ನೂ ಬೆರಳಿಟ್ಟು ಒಂದೊಂದಾಗಿ ಓದಿ. ತಪ್ಪಿದ್ದರೆ ಅಲ್ಲೇ ಐದು ನಿಮಿಷದಲ್ಲಿ ಸರಿಯಾಗುತ್ತದೆ. ಒಳಗೆ ಚೆಕ್‌ಪೋಸ್ಟ್‌ನಲ್ಲಿ ಗೊತ್ತಾದರೆ ಪರ್ಮಿಟ್ ಇಲ್ಲದ ಗಾಡಿ ಎಂದೇ ಲೆಕ್ಕ, ಜಪ್ತಿಯವರೆಗೂ ಹೋಗಬಹುದು.

ಹೆಸರಿನ ವಿಚಾರ ನಮ್ಮವರು ವಿಶೇಷವಾಗಿ ಗಮನಿಸಬೇಕು. ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಹ್ರಸ್ವರೂಪ), ಡ್ರೈವಿಂಗ್ ಲೈಸೆನ್ಸ್‌ನಲ್ಲಿ ತಂದೆಯ ಹೆಸರು ಕೊನೆಗೆ, ಟೈಟಲ್‌ನಲ್ಲಿ ಬರೀ ಇನಿಷಿಯಲ್. ಕಿಟಕಿಯಲ್ಲಿರುವವರಿಗೆ ಇವು ನಾಲ್ಕು ಬೇರೆ ಮನುಷ್ಯರ ಹೆಸರು. ಪಾಸ್‌ಪೋರ್ಟ್‌ನ ಹೆಸರಿಗೂ ಟೈಟಲ್‌ನ ಹೆಸರಿಗೂ ತಾಳೆಯಾಗುವಂತೆ ಮನೆಯಲ್ಲೇ ಸರಿಮಾಡಿಕೊಳ್ಳಿ. ಸಾಲ ತೀರದ ಗಾಡಿಯಾದರೆ ಸಾಲ ಕೊಟ್ಟವರಿಂದ, ಗಾಡಿಯನ್ನು ಮೆಕ್ಸಿಕೊಗೆ ಒಯ್ಯಲು ಒಪ್ಪಿಗೆಯಿದೆ ಎಂಬ ಪತ್ರ ಬೇಕು. ಬಾಡಿಗೆ ಮೋಟರ್‌ಹೋಮ್‌ಗಳನ್ನು ಗಡಿ ದಾಟಿಸಲು ಅಮೆರಿಕದ ಹೆಚ್ಚಿನ ಕಂಪನಿಗಳು ಬಿಡುವುದಿಲ್ಲ. ಎಲ್ಲದರ ಮೂಲ ಪ್ರತಿ, ಜೊತೆಗೆ ಎರಡೆರಡು ಜೆರಾಕ್ಸ್ ಇರಲಿ. ವಲಸೆ ಕಚೇರಿ ಈಗ ತಾನೇ ಕೊಟ್ಟ ಚೀಟಿಯ ಜೆರಾಕ್ಸೂ ಬೇಕಾಗುತ್ತದೆ. ಪರ್ಮಿಟ್ ಶುಲ್ಕ 50ರಿಂದ 60 ಡಾಲರ್ ಆಸುಪಾಸು. ಕಾರ್ಡಿನಲ್ಲಿ ಕಟ್ಟುವುದಾದರೆ ಕಾರ್ಡು ಅರ್ಜಿದಾರರ ಹೆಸರಿನಲ್ಲೇ ಇರಬೇಕು. ಹಿಂದೆ ಕಾರು ಎಳೆದುಕೊಂಡು ಹೋಗುವವರು ಅದಕ್ಕೆ ಬೇರೆ ಪರ್ಮಿಟ್ ಮಾಡಿಸಬೇಕು, ಠೇವಣಿಯೂ ಇಡಬೇಕು. ಮೋಟರ್‌ಹೋಮ್ ಗಂಡನ ಹೆಸರಲ್ಲಿ, ಕಾರು ಹೆಂಡತಿಯ ಹೆಸರಲ್ಲಿ ಇದ್ದರೆ ಕಿಟಕಿಯಲ್ಲಿ ವಾದ ಬೀಳದು.

ಪರ್ಮಿಟ್ ಬೇಡದ ಪ್ರದೇಶಗಳೂ ಇವೆ. ಗಡಿಗೆ ಅಂಟಿದ 20–25 ಕಿಲೋಮೀಟರ್ ಪಟ್ಟಿ, ಇಡೀ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪ, ಸೊನೊರಾ ರಾಜ್ಯದ ಒಂದು ಭಾಗ. ಮೊದಲ ಸಲ ಹೋಗುವವರಿಗೆ ಬಾಹಾ ಒಳ್ಳೆಯದು ಎನ್ನುವುದು ಇದಕ್ಕೇ. ಅಲ್ಲಿಂದ ದೋಣಿಯಲ್ಲಿ ಗಾಡಿ ಹತ್ತಿಸಿ ಮುಖ್ಯ ಭೂಭಾಗದ ಮಸಾತ್ಲಾನ್ ಕಡೆಗೆ ದಾಟುವ ಯೋಚನೆ ಇದ್ದರೆ ಪರ್ಮಿಟ್ ಬೇಕು. ಲಾ ಪಾಸ್ ಬಳಿಯ ಪಿಚಿಲಿಂಗೆ ಬಂದರಿನಲ್ಲಿ ಅದನ್ನು ಮಾಡಿಸಬಹುದು. ಎಫ್‌ಎಂಎಂ ಮತ್ತು ವಿಮೆ ಮಾತ್ರ ಬಾಹಾದಲ್ಲೂ ಬೇಕೇ ಬೇಕು.

ವಿಮೆಯ ಬಗ್ಗೆ ಒತ್ತಿ ಹೇಳುತ್ತೇನೆ. ಅಮೆರಿಕದ ವಾಹನ ವಿಮೆ ಅಲ್ಲಿನ ಕಾನೂನಿಗೆ ಲೆಕ್ಕಕ್ಕಿಲ್ಲ. ಮೆಕ್ಸಿಕೊ ಕಂಪನಿಯ ಪಾಲಿಸಿಯೇ ಆಗಬೇಕು. ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾದರೆ, ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ, ನಷ್ಟ ಕಟ್ಟಿಕೊಡುವ ಭರವಸೆ ಸಿಗುವವರೆಗೆ ಚಾಲಕರನ್ನು ಹಿಡಿದಿಟ್ಟುಕೊಳ್ಳಬಹುದು. ಆಗ ಬಿಡಿಸುವುದು ಪಾಲಿಸಿಯಲ್ಲಿರುವ ಕಾನೂನು ನೆರವು ಮತ್ತು ಜಾಮೀನಿನ ಭಾಗ. ಅದನ್ನು ಉಳಿತಾಯಕ್ಕೆಂದು ಕೈಬಿಡಬೇಡಿ. ಸಾವಿನ ಪರಿಹಾರದ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಕೆಲವೆಡೆ ಬಹಳ ದೊಡ್ಡದು. ಮೂರನೇ ವ್ಯಕ್ತಿಯ ಹೊಣೆ 3 ಲಕ್ಷ ಡಾಲರ್‌ಗಿಂತ ಕಡಿಮೆ ಬೇಡ, 5 ಲಕ್ಷ ಇದ್ದರೆ ನೆಮ್ಮದಿ. ಹಿಂದೆ ಎಳೆಯುವ ಕಾರು, ಟ್ರೇಲರ್ ಪಾಲಿಸಿಯಲ್ಲಿ ಹೆಸರಿಸಿರದಿದ್ದರೆ ಇಡೀ ಪಾಲಿಸಿಯೇ ಬಿದ್ದುಹೋಗುವ ಷರತ್ತು ಸಾಮಾನ್ಯ. ಅಪಘಾತವಾದರೆ ಕಂಪನಿಗೆ ಅಲ್ಲಿಂದಲೇ ಫೋನ್ ಮಾಡಿ, ಅವರ ಪ್ರತಿನಿಧಿ ಸ್ಥಳಕ್ಕೆ ಬರುವವರೆಗೆ ಕಾಯಬೇಕು. ದೇಶ ಬಿಟ್ಟು ಬಂದ ಮೇಲೆ ಮಾಡಿದ ದೂರಿಗೆ ಬೆಲೆಯಿಲ್ಲ. ತಿಂಗಳಿಗಿಂತ ಹೆಚ್ಚು ಇರುವವರು ವರ್ಷದ ಪಾಲಿಸಿಯ ದರವನ್ನೂ ಕೇಳಿ ನೋಡಿ. ದಿನದ ಲೆಕ್ಕದ ಪಾಲಿಸಿಗಿಂತ ಅದೇ ಅಗ್ಗವಾಗುವುದುಂಟು.

ಒಯ್ಯಬಾರದ್ದರಲ್ಲಿ ಮೊದಲನೆಯದು ಬಂದೂಕು, ಗುಂಡು. ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಮೋಟರ್‌ಹೋಮ್ ಕೊಂಡವರು ಪ್ರತಿ ಡ್ರಾಯರ್, ಹಾಸಿಗೆಯ ಕೆಳಗಿನ ಪೆಟ್ಟಿಗೆ, ಹೊರಗಿನ ಸಾಮಾನು ಗೂಡು ಎಲ್ಲವನ್ನೂ ಖಾಲಿ ಮಾಡಿ ನೋಡಬೇಕು. ಹಳೆಯ ಮಾಲೀಕ ಮರೆತು ಬಿಟ್ಟ ಒಂದೇ ಒಂದು ಗುಂಡು ಸಿಕ್ಕರೂ ಅದು ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧ. ಇ-ಸಿಗರೇಟು ಒಳತರುವುದೂ ನಿಷಿದ್ಧ. ಶೀತಕ್ಕೆ ಅಮೆರಿಕದ ಅಂಗಡಿಯಲ್ಲಿ ಸಿಗುವ ಸ್ಯೂಡೊಎಫೆಡ್ರಿನ್ ಮಾತ್ರೆ ಅಲ್ಲಿ ನಿಷೇಧಿತ ಔಷಧ. ಉಳಿದ ಔಷಧಗಳನ್ನು ಮೂಲ ಡಬ್ಬಿಯಲ್ಲಿ, ವೈದ್ಯರ ಚೀಟಿಯೊಂದಿಗೆ ಇಡಿ. ಹಸಿ ಹಣ್ಣು, ಬಿತ್ತುವ ಬೀಜ, ಮಣ್ಣಿರುವ ಗಿಡ ತೆಗೆದುಕೊಂಡು ಹೋಗಬೇಡಿ. ಬಾಹಾದಲ್ಲಿ ಉತ್ತರದಿಂದ ದಕ್ಷಿಣದ ರಾಜ್ಯಕ್ಕೆ ದಾಟುವ ಗೆರ‍್ರೆರೊ ನೆಗ್ರೊ ಬಳಿ ಹಣ್ಣುಗಳ ತಪಾಸಣೆ ಇನ್ನೊಮ್ಮೆ ನಡೆಯುತ್ತದೆ. ಗಾಡಿಯ ತಳಕ್ಕೆ ಔಷಧ ಸಿಂಪಡಿಸಿ ಸಣ್ಣ ಮೊತ್ತ ಪಡೆಯುತ್ತಾರೆ, ಅದು ಲಂಚವಲ್ಲ, ರಸೀದಿ ಕೇಳಿ ಪಡೆಯಿರಿ.

ದಾಟುವ ಜಾಗವನ್ನೂ ಆರಿಸಿಕೊಳ್ಳಬೇಕು. ಟೆಕ್ಸಸ್ ಕಡೆಯಿಂದ ಹೋಗುವವರಿಗೆ ಲರೆಡೊ ಪೇಟೆಯ ನಡುವಿನ ಸೇತುವೆಗಿಂತ, ಊರ ಹೊರಗೆ ವಾಯವ್ಯಕ್ಕಿರುವ ಕೊಲಂಬಿಯಾ ಸೇತುವೆ ಎಷ್ಟೋ ಮೇಲು. ಕಚೇರಿಗಳು ಹತ್ತಿರ ಹತ್ತಿರ, ದೊಡ್ಡ ಗಾಡಿ ನಿಲ್ಲಿಸಲು ಜಾಗ ವಿಶಾಲ. ಮುಖ್ಯವಾಗಿ ಅದು ನುವೆವೊ ಲಿಯೋನ್ ರಾಜ್ಯದಲ್ಲಿರುವುದರಿಂದ ಗಡಿಯಾಚೆಯ ನುವೆವೊ ಲರೆಡೊ ನಗರದೊಳಗೆ ಹೋಗದೆ ಮಾಂಟೆರ‍್ರೆ ದಾರಿ ಹಿಡಿಯಬಹುದು. ಅರಿಜೋನಾದ ನೊಗಾಲೆಸ್‌ನಲ್ಲಿ ಪೇಟೆಯೊಳಗಿನ ಗೇಟು ಬಿಟ್ಟು ಲಾರಿಗಳು ಹೋಗುವ ಮರಿಪೋಸಾ ದಾರಿ ಹಿಡಿದರೆ 21ನೇ ಕಿಲೋಮೀಟರ್ ಬಳಿ ವಲಸೆ, ಬ್ಯಾಂಕು ಎರಡೂ ಸಿಗುತ್ತವೆ. ಸುರಕ್ಷತೆಯ ದೃಷ್ಟಿಯಿಂದ ತಮೌಲಿಪಾಸ್ ರಾಜ್ಯದ ಗಡಿ ಊರುಗಳನ್ನು ಬಿಟ್ಟುಬಿಡುವುದು ಒಳಿತು. ಸಿನಲೋವಾದಲ್ಲೂ 2024ರ ಸೆಪ್ಟೆಂಬರ್‌ನಿಂದ ಗುಂಪು ಘರ್ಷಣೆ ಹೆಚ್ಚಿತು. ಆ ದಾರಿಯಲ್ಲಿ ಹೋಗುವವರು ಹೊರಡುವ ವಾರದ ಸುದ್ದಿ ನೋಡಿಯೇ ಹೊರಡಬೇಕು. ಯಾವ ಗೇಟಾದರೂ ಬೆಳಿಗ್ಗೆ ಬೇಗ ದಾಟಿ. ಕಾಗದದ ಕೆಲಸಕ್ಕೆ ಒಂದು ಗಂಟೆಯೂ ಹಿಡಿಯಬಹುದು, ನಾಲ್ಕೂ ಹಿಡಿಯಬಹುದು, ಮತ್ತು ಕತ್ತಲಾಗುವ ಮುನ್ನ ತಂಗುವ ಜಾಗ ಮುಟ್ಟಬೇಕು.

ರಾತ್ರಿ ಓಡಿಸಬಾರದು ಎಂಬುದಕ್ಕೆ ದರೋಡೆಯೊಂದೇ ಕಾರಣವಲ್ಲ. ರಸ್ತೆ ಮೇಲೆ ಮಲಗುವ ದನ, ಹಿಂದಿನ ದೀಪವಿಲ್ಲದ ಲಾರಿ, ಸೂಚನಾ ಫಲಕವಿಲ್ಲದ ಹಂಪು, ಹೆದ್ದಾರಿ ಅಂಚು ಒಮ್ಮೆಲೇ ಕಡಿದುಹೋಗಿರುವುದು — ಇವೆಲ್ಲ ಹಗಲಲ್ಲಿ ಕಾಣುತ್ತವೆ, ರಾತ್ರಿ ಕಾಣುವುದಿಲ್ಲ. ಬಾಹಾದ ಒಂದನೇ ನಂಬರ್ ಹೆದ್ದಾರಿ 1973ರಲ್ಲಿ ಪೂರ್ಣಗೊಂಡದ್ದು, ಉದ್ದ ಸುಮಾರು 1,700 ಕಿಲೋಮೀಟರ್. ಅನೇಕ ಕಡೆ ಲೇನು ಕಿರಿದು, ಪಕ್ಕದಲ್ಲಿ ಅಂಚೇ ಇಲ್ಲ. ಎದುರಿನಿಂದ ಲಾರಿ ಬಂದಾಗ ಮೋಟರ್‌ಹೋಮ್‌ನ ಎಡಗಡೆ ಕನ್ನಡಿ ಒಡೆಯುವುದು ಅಲ್ಲಿ ತೀರಾ ಸಾಮಾನ್ಯ ಅಪಘಾತ. ಲಾರಿ ಕಂಡೊಡನೆ ವೇಗ ಇಳಿಸಿ, ಬಲಗಡೆ ಬಿಳಿ ಗೆರೆಗೆ ತಾಗಿ ನಡೆಸಿ, ಕಣ್ಣು ಎದುರಿನ ಗಾಡಿಯ ಮೇಲಲ್ಲ, ಆ ಗೆರೆಯ ಮೇಲಿರಲಿ. ಅದೇ ರಸ್ತೆಯಲ್ಲಿ ಎಲ್ ರೊಸಾರಿಯೊ ದಾಟಿದ ಮೇಲೆ ಸುಮಾರು 300 ಕಿಲೋಮೀಟರ್ ದೂರ ನಂಬಿಕೊಳ್ಳುವಂಥ ಪೆಟ್ರೋಲ್ ಬಂಕ್ ಇಲ್ಲ. ನಡುವೆ ಕತವಿನ್ಯಾದಲ್ಲಿ ಡ್ರಮ್ಮಿನಿಂದ ಮಾರುವವರು ಇರುತ್ತಾರೆ, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಲ್ ರೊಸಾರಿಯೊದಲ್ಲೇ ಟ್ಯಾಂಕ್ ತುಂಬಿಸಿ.

ಟೋಲ್ ರಸ್ತೆಗಳಿಗೆ ಕುವೋತ ಎಂದೂ ಪುಕ್ಕಟೆ ರಸ್ತೆಗಳಿಗೆ ಲಿಬ್ರೆ ಎಂದೂ ಫಲಕ ಇರುತ್ತದೆ. ಟೋಲ್ ದುಬಾರಿಯೇ. ಆಕ್ಸಲ್ ಲೆಕ್ಕದಲ್ಲಿ ವಸೂಲು ಮಾಡುವುದರಿಂದ ಹಿಂದೆ ಕಾರು ಕಟ್ಟಿದರೆ ಇನ್ನೂ ಹೆಚ್ಚು. ಆದರೂ ಭಾರದ ಗಾಡಿಗೆ ಅದೇ ತಕ್ಕ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪುಕ್ಕಟೆ ರಸ್ತೆ ಪ್ರತಿ ಹಳ್ಳಿಯ ನಡುವೆ ಹಾಯುತ್ತದೆ, ಪ್ರತಿ ಹಳ್ಳಿಗೂ ನಾಲ್ಕಾರು ಹಂಪು. ದುರಾಂಗೊ–ಮಸಾತ್ಲಾನ್ ನಡುವೆ ಹಳೆಯ ಘಟ್ಟದ ರಸ್ತೆಯೂ ಇದೆ, 2013ರಲ್ಲಿ ತೆರೆದ ಟೋಲ್ ಹೆದ್ದಾರಿಯೂ ಇದೆ. ಬಲುವಾರ್ತೆ ಕಣಿವೆಯ ಮೇಲೆ 400 ಮೀಟರ್ ಎತ್ತರದ ಸೇತುವೆ, ಅರವತ್ತಕ್ಕೂ ಹೆಚ್ಚು ಸುರಂಗ ಇರುವ ಈ ಹೊಸ ದಾರಿ ಪ್ರಯಾಣವನ್ನು ಅರ್ಧಕ್ಕಿಂತ ಕಡಿಮೆ ಮಾಡಿತು. ಹತ್ತು ಮೀಟರ್ ಉದ್ದದ ಗಾಡಿಯನ್ನು ಟೋಲ್ ಉಳಿಸಲು ಹಳೆಯ ತಿರುವುಗಳಲ್ಲಿ ಹತ್ತಿಸುವುದರಲ್ಲಿ ಅರ್ಥವಿಲ್ಲ. ಟೋಲ್ ಗೇಟಿನಲ್ಲಿ ಪೆಸೊ ನಗದು ಇಟ್ಟುಕೊಳ್ಳಿ, ರಸೀದಿ ಎಸೆಯಬೇಡಿ. ಆ ರಸ್ತೆಯಲ್ಲಿ ಅಪಘಾತವಾದರೆ ರಸೀದಿಯೊಂದಿಗೇ ಒಂದಿಷ್ಟು ವಿಮೆ ಬಂದಿರುತ್ತದೆ.

ಹಂಪುಗಳಿಗೆ ಅಲ್ಲಿ ತೋಪೆ ಎನ್ನುತ್ತಾರೆ. ಫಲಕ ಇದ್ದರೂ ಹಲವು ಸಲ ಅದು ಹಂಪಿನ ಪಕ್ಕದಲ್ಲೇ ಇರುತ್ತದೆ. ಊರು ಶುರುವಾಗುವ ಕಡೆ, ಶಾಲೆಯ ಮುಂದೆ, ರಸ್ತೆ ನಡುವೆ ತಿಂಡಿ ಮಾರುವವರು ನಿಂತ ಕಡೆ ಹಂಪು ಇದ್ದೇ ಇದೆ ಎಂದುಕೊಳ್ಳಿ. ಮೋಟರ್‌ಹೋಮ್‌ನಲ್ಲಿ ಹಿಂದಿನ ಚಕ್ರದಾಚೆ ಚಾಚಿಕೊಂಡ ಭಾಗ ಉದ್ದ. ಮುಂದಿನ ಚಕ್ರ ನಿಧಾನಕ್ಕೆ ದಾಟಿತೆಂದು ಕಾಲು ಒತ್ತಿದರೆ, ಹಿಂದಿನ ಚಕ್ರ ಇಳಿಯುವಾಗ ಕಾರು ಎಳೆಯುವ ಟೋಬಾರ್ ಮತ್ತು ಕೊಳಕು ನೀರಿನ ಪೈಪು ನೆಲಕ್ಕೆ ಬಡಿಯುತ್ತವೆ. ಎರಡೂ ಆಕ್ಸಲ್ ಪೂರ್ತಿ ಇಳಿಯುವವರೆಗೆ ನಡಿಗೆಯ ವೇಗವೇ ಸರಿ.

ಮುಂದಿನ ಲಾರಿ ಎಡ ಇಂಡಿಕೇಟರ್ ಹಾಕಿದರೆ ಎರಡು ಅರ್ಥ ಇರಬಹುದು: ದಾರಿ ಖಾಲಿ, ಮುಂದೆ ಹೋಗು ಎಂದು, ಅಥವಾ ನಿಜಕ್ಕೂ ಎಡಕ್ಕೆ ತಿರುಗುತ್ತಿದ್ದೇನೆ ಎಂದು. ಎಡಗಡೆ ಕವಲು ರಸ್ತೆ ಇಲ್ಲವೆಂದು ಕಣ್ಣಾರೆ ಕಾಣುವವರೆಗೆ ಓವರ್‌ಟೇಕ್ ಬೇಡ. ಅದೇ ಕಾರಣಕ್ಕೆ ಹೆದ್ದಾರಿಯಲ್ಲಿ ನೀವು ಎಡಕ್ಕೆ ತಿರುಗಬೇಕಾದಾಗ ನಡುರಸ್ತೆಯಲ್ಲಿ ನಿಲ್ಲದೆ, ಬಲಕ್ಕೆ ಸರಿದು ಹಿಂದಿನವರನ್ನು ಬಿಟ್ಟು ತಿರುಗಿ, ಇಲ್ಲವೇ ಮುಂದಿನ ಯು-ಟರ್ನ್‌ವರೆಗೆ ಹೋಗಿ. ಕಿರುಸೇತುವೆಯಲ್ಲಿ ಮೊದಲು ಹೆಡ್‌ಲೈಟ್ ಮಿನುಗಿಸಿದವರು ಮೊದಲು ದಾಟುತ್ತಾರೆ. ಎದುರಿನವರು ಮಿನುಗಿಸಿದರೆ ಅದು ನಿಮಗೆ ದಾರಿ ಬಿಟ್ಟದ್ದಲ್ಲ.

ಮೆಕ್ಸಿಕೊ ನಗರದೊಳಗೆ ಮೋಟರ್‌ಹೋಮ್ ಒಯ್ಯಲೇಬೇಡಿ. ಅಲ್ಲಿನ ಹೊಗೆ ನಿಯಂತ್ರಣ ನಿಯಮದಂತೆ ಹೊರಗಿನ ನೋಂದಣಿಯ ಗಾಡಿಗಳು ವಾರದ ದಿನ ಬೆಳಿಗ್ಗೆ 5ರಿಂದ 11ರವರೆಗೆ ಓಡುವಂತಿಲ್ಲ. ಜೊತೆಗೆ ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ವಾರದಲ್ಲೊಂದು ದಿನ, ಮತ್ತು ಶನಿವಾರ ನಿರ್ಬಂಧ. ದಂಡ ದೊಡ್ಡದು, ಗಾಡಿಯನ್ನು ಎಳೆದೊಯ್ಯುವುದೂ ಉಂಟು. ಅತ್ಲಕೊಮುಲ್ಕೊದಿಂದ ಸ್ಯಾನ್ ಮಾರ್ಟಿನ್ ತೆಸ್ಮೆಲುಕಾನ್‌ವರೆಗೆ ನಗರವನ್ನು ಬಳಸಿ ಹೋಗುವ ಆರ್ಕೊ ನೋರ್ತೆ ಟೋಲ್ ರಸ್ತೆ ಇರುವುದೇ ಇದಕ್ಕಾಗಿ, ಹಗಲಲ್ಲಿ ದಾಟಿ. ನಗರ ನೋಡಬೇಕಿದ್ದರೆ ತಿಯೋತಿವಾಕಾನ್ ಪಿರಮಿಡ್‌ಗಳ ಪಕ್ಕದ ಊರಲ್ಲಿ ಗಾಡಿ ನಿಲ್ಲಿಸಿ ಬಸ್ಸು ಹತ್ತಿ. ಗ್ವಾನಹ್ವಾತೊ, ತಾಸ್ಕೊದಂಥ ಹಳೆಯ ಊರುಗಳಲ್ಲೂ ಹೀಗೇ: ಇಕ್ಕಟ್ಟಿನ ಬೀದಿ, ಕೆಳಗೆ ಜೋತಾಡುವ ವೈರು, ತಗ್ಗು ಕಮಾನು. ಏಸಿ, ಆಂಟೆನಾ ಸೇರಿ ನಿಮ್ಮ ಗಾಡಿಯ ಎತ್ತರ ಎಷ್ಟು ಮೀಟರ್ ಎಂದು ಅಳೆದು ಸ್ಟೀರಿಂಗ್ ಎದುರು ಅಂಟಿಸಿ. ಅಡಿ ಲೆಕ್ಕದಲ್ಲಿ ಗೊತ್ತಿದ್ದರೆ ಸೇತುವೆಯ ಮುಂದೆ ಪ್ರಯೋಜನಕ್ಕೆ ಬಾರದು.

ಮೆಕ್ಸಿಕೊದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್‌ನ ಬಂಕುಗಳಲ್ಲಿ ಹಸಿರು ಪಂಪು 87 ಆಕ್ಟೇನ್ ಪೆಟ್ರೋಲ್, ಕೆಂಪು ಪ್ರೀಮಿಯಂ, ಕಪ್ಪು ಡೀಸೆಲ್. ಅಮೆರಿಕದಲ್ಲಿ ಡೀಸೆಲ್ ನಳಿಕೆಗೆ ಹಸಿರು ಬಣ್ಣ ಇರುವುದೇ ಹೆಚ್ಚು, ಆದ್ದರಿಂದ ಹಸಿರು ಕಂಡು ಡೀಸೆಲ್ ಎಂದುಕೊಂಡು ಮೋಸಹೋಗಬೇಡಿ. ಹಾಕುವವರು ಮೀಟರ್ ಸೊನ್ನೆಗೆ ತಂದಿದ್ದಾರೆಯೇ ಎಂದು ಇಳಿದು ನೋಡಿ. ಡೀಸೆಲ್ ಗಾಡಿಯವರಿಗೆ ಗಂಧಕದ ಚಿಂತೆ. 2007ರ ನಂತರದ ಅಮೆರಿಕನ್ ಎಂಜಿನ್‌ಗಳಿಗೆ ಗಂಧಕ 15 ಪಿಪಿಎಂ (ಹತ್ತು ಲಕ್ಷದಲ್ಲಿ 15 ಪಾಲು) ಮೀರದ ಡೀಸೆಲ್ ಬೇಕು. ಗಡಿ ಪಟ್ಟಿ, ಮೆಕ್ಸಿಕೊ ನಗರ, ಮಾಂಟೆರ‍್ರೆ, ಗ್ವಾದಲಹಾರಾ ಕಡೆ ಅದೇ ಸಿಗುತ್ತದೆ. ಉಳಿದ ಪ್ರದೇಶಗಳಲ್ಲಿ 500 ಪಿಪಿಎಂವರೆಗಿನದು ಬಹುಕಾಲ ಮಾರಾಟದಲ್ಲಿತ್ತು. ಗಂಧಕ ಹೆಚ್ಚಿದ್ದರೆ ಹೊಗೆ ಸೋಸುವ ಫಿಲ್ಟರ್ ಬೇಗ ಕಟ್ಟಿ, ಅದನ್ನು ಸುಟ್ಟು ಶುಚಿಮಾಡುವ ಆವರ್ತನ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಎಂಜಿನ್ ಶಕ್ತಿ ಕುಗ್ಗಿಸಿಕೊಳ್ಳುತ್ತದೆ. ಲಾರಿಗಳು ಸಾಲುಗಟ್ಟುವ ಹೆದ್ದಾರಿ ಬಂಕಿನಲ್ಲೇ ತುಂಬಿಸಿ, ಪಂಪಿನ ಮೇಲೆ ಯುಬಿಎ (ಗಂಧಕ ತೀರಾ ಕಡಿಮೆ ಎಂಬುದರ ಸ್ಪ್ಯಾನಿಷ್ ಹ್ರಸ್ವರೂಪ) ಎಂದಿದೆಯೇ ನೋಡಿ, ಒಳ್ಳೆಯ ಬಂಕಿನಲ್ಲಿ ಅರ್ಧ ಟ್ಯಾಂಕ್ ಇದ್ದರೂ ತುಂಬಿಸಿಬಿಡಿ. ಎರಡು ಡೀಸೆಲ್ ಫಿಲ್ಟರ್ ಜೊತೆಗಿರಲಿ.

ಅಡುಗೆ ಗ್ಯಾಸ್ ಊರ ಹೊರಗಿನ ಗ್ಯಾಸ್ ಸ್ಟೇಷನ್‌ಗಳಲ್ಲಿ ಲೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದು ಅಪ್ಪಟ ಪ್ರೊಪೇನ್ ಅಲ್ಲ, ಬ್ಯೂಟೇನ್ ಬೆರೆತದ್ದು. ಬ್ಯೂಟೇನ್ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯ ಬಳಿ ಆವಿಯಾಗುವುದನ್ನು ನಿಲ್ಲಿಸುವುದರಿಂದ ಎತ್ತರದ ಪ್ರದೇಶದ ಚಳಿಯ ಮುಂಜಾವಿನಲ್ಲಿ ಹೀಟರ್ ಹತ್ತದೆ ಇರಬಹುದು. ತುಂಬಿಸುವಾಗ ಟ್ಯಾಂಕಿನ 80 ಪ್ರತಿಶತ ಮೀರದಂತೆ ನೀವೇ ಪಕ್ಕದಲ್ಲಿ ನಿಂತು ನೋಡಿ. ಗ್ಯಾಸ್‌ನಲ್ಲಿ ಓಡುವ ಫ್ರಿಜ್ 1,700 ಮೀಟರ್ ಎತ್ತರ ದಾಟಿದ ಮೇಲೆ ಆಗಾಗ ನಂದುತ್ತದೆ. ಮೆಕ್ಸಿಕೊ ನಗರದ ಪ್ರಸ್ಥಭೂಮಿ 2,200 ಮೀಟರ್ ಮೇಲಿದೆ. ಅಲ್ಲಿ ಫ್ರಿಜ್ಜನ್ನು ಕರೆಂಟಿಗೆ ಬದಲಿಸಿ. ಜನರೇಟರ್ ಶಕ್ತಿಯೂ ಪ್ರತಿ 300 ಮೀಟರ್‌ಗೆ ಸುಮಾರು ಮೂರೂವರೆ ಪ್ರತಿಶತ ಇಳಿಯುತ್ತದೆ.

ಗಾಡಿಯೊಳಗಿನ ವಸ್ತುಗಳನ್ನು ಹೆಚ್ಚು ಹಾಳುಮಾಡುವುದು ಕ್ಯಾಂಪುಗಳ ಕರೆಂಟು. ಹೆಸರಿಗೆ 127 ವೋಲ್ಟ್, 60 ಹರ್ಟ್ಜ್. ಸಂಜೆ ಎಲ್ಲರೂ ಏಸಿ ಹಾಕಿದಾಗ 100ಕ್ಕೆ ಇಳಿಯಬಹುದು, ನಡುರಾತ್ರಿ 130 ದಾಟಬಹುದು. ವೋಲ್ಟೇಜ್ ಇಳಿದಾಗ ಏಸಿ ಕಂಪ್ರೆಸರ್ ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗಿ ಸುಡುತ್ತದೆ. ಬರೀ ಮಿಂಚು ತಡೆಯುವ ಸರ್ಜ್ ಪ್ರೊಟೆಕ್ಟರ್ ಇದಕ್ಕೆ ಸಾಲದು. 104ಕ್ಕಿಂತ ಇಳಿದರೂ 132 ಮೀರಿದರೂ ತಾನೇ ಕರೆಂಟು ಕಡಿಯುವ ಸಾಧನ ಬೇಕು. ಹೆಚ್ಚಿನ ಕಡೆ ಸಿಗುವುದು 15 ಆಂಪಿಯರ್ ಸಾಕೆಟ್, ಆದ್ದರಿಂದ 30 ಮತ್ತು 50 ಆಂಪಿಯರ್‌ನಿಂದ 15ಕ್ಕೆ ಇಳಿಸುವ ಅಡಾಪ್ಟರ್ ಜೊತೆಗಿರಬೇಕು. ಒಂದು ಏಸಿ 12–13 ಆಂಪಿಯರ್ ತಿನ್ನುತ್ತದೆ. ಅದು ಓಡುವಾಗ ಮೈಕ್ರೋವೇವ್ ಹಾಕಬಾರದು.

ಇದಕ್ಕಿಂತ ಅಪಾಯಕಾರಿ ಅರ್ತಿಂಗ್ ಇಲ್ಲದ ಸಾಕೆಟ್. ಎಲ್ಲೋ ಒಂದು ವೈರು ಸೋರಿದರೆ ಗಾಡಿಯ ಇಡೀ ತಗಡಿನ ಮೈಗೆ ಕರೆಂಟು ಹರಿದು, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಹಿಡಿದವರಿಗೆ ಹೊಡೆಯುತ್ತದೆ. ಪ್ಲಗ್ ಹಾಕುವ ಮೊದಲು ಮೂರು ದೀಪದ ಟೆಸ್ಟರ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದೆಯೇ, ಅರ್ತ್ ಇದೆಯೇ ನೋಡಿ. ಹಾಕಿದ ಮೇಲೆ, ಬಾಗಿಲು ಮುಟ್ಟುವ ಮುನ್ನ, ತಾಗಿಸದೆಯೇ ಕರೆಂಟು ಗುರುತಿಸುವ ಟೆಸ್ಟರ್ ಪೆನ್ನನ್ನು ಗಾಡಿಯ ಮೈಗೆ ಹಿಡಿದು ನೋಡಿ. ನೆಲಕ್ಕೆ ಕಂಬಿ ಹೊಡೆದು ವೈರು ಕಟ್ಟಿದರೆ ಸರಿಹೋಗುತ್ತದೆ ಎಂಬ ಸಲಹೆ ಕೊಡುವವರಿದ್ದಾರೆ. ಫ್ಯೂಸ್ ಹಾರಿಸುವಷ್ಟು ಕರೆಂಟು ಒಣ ಮಣ್ಣಿನಲ್ಲಿ ಹರಿಯುವುದಿಲ್ಲ, ಆದ್ದರಿಂದ ಅದನ್ನು ನಂಬಬೇಡಿ. ಪ್ಲಗ್ ಕಿತ್ತು ಸೋಲಾರ್‌ನಲ್ಲಿ ಒಂದು ರಾತ್ರಿ ಕಳೆಯಿರಿ.

ಕುಡಿಯಲು, ಅಡುಗೆಗೆ ಎಲ್ಲೆಡೆ ಸಿಗುವ 20 ಲೀಟರ್ ಶುದ್ಧ ನೀರಿನ ಕ್ಯಾನ್. ಟ್ಯಾಂಕಿನ ನೀರು ಸ್ನಾನಕ್ಕೆ, ತೊಳೆಯುವುದಕ್ಕೆ ಮಾತ್ರ. ಟ್ಯಾಂಕ್ ಶುಚಿಗೊಳಿಸಲು ವಾಸನೆ ಬೆರೆಸದ 5 ಪ್ರತಿಶತದ ಬ್ಲೀಚನ್ನು ಲೀಟರ್ ನೀರಿಗೆ ಒಂದು ಮಿಲಿಲೀಟರ್‌ನಂತೆ ಬೆರೆಸಿ, ಎಲ್ಲ ನಲ್ಲಿಯಲ್ಲೂ ವಾಸನೆ ಬರುವವರೆಗೆ ಹರಿಸಿ, ಕೆಲವು ಗಂಟೆ ಬಿಟ್ಟು ಪೂರ್ತಿ ಹೊರಚೆಲ್ಲಿ. ಕ್ಯಾಂಪಿನ ನೀರು ಚಾವಣಿ ಟ್ಯಾಂಕಿನಿಂದ ಬರುವುದರಿಂದ ಒತ್ತಡ ಕಡಿಮೆ, ಮರಳು ಹೆಚ್ಚು. ಪೈಪಿಗೆ ಸೋಸುಕ ಹಾಕಿ ಟ್ಯಾಂಕಿಗೆ ತುಂಬಿಸಿ, ನಿಮ್ಮ ಪಂಪಿನಿಂದಲೇ ಬಳಸಿ. ಕೊಳಕು ನೀರು ಚೆಲ್ಲುವ ಜಾಗ ಅಮೆರಿಕದಷ್ಟು ಸುಲಭಕ್ಕೆ ಸಿಗದು. ಬಾಹಾದ ಕೊನ್ಸೆಪ್ಸಿಯೋನ್ ಕೊಲ್ಲಿಯ ತೀರಗಳಲ್ಲಿ ದಿನಗಟ್ಟಲೆ ತಂಗುವವರು ಶೌಚದ ಕೊಳಕು ತುಂಬುವ ಕಪ್ಪು ಟ್ಯಾಂಕಿನ ಲೆಕ್ಕ ಹಿಡಿದು ದಿನ ಗೊತ್ತುಮಾಡಬೇಕು. ಮರಳಿನಲ್ಲಿ ಗುಂಡಿ ತೋಡಿ ಸುರಿಯುವವರಿಂದಲೇ ಅಂಥ ಜಾಗಗಳು ಎಲ್ಲರಿಗೂ ಮುಚ್ಚಿಹೋಗುತ್ತವೆ.

ಸೈನಿಕರ ಚೆಕ್‌ಪೋಸ್ಟ್‌ಗಳಿಗೆ ಹೆದರಬೇಕಿಲ್ಲ. ಎಲ್ಲಿಂದ, ಎಲ್ಲಿಗೆ ಎಂದು ಕೇಳುತ್ತಾರೆ, ಒಳಹತ್ತಿ ಕಪಾಟು, ಫ್ರಿಜ್ ತೆರೆಸುತ್ತಾರೆ. ಅವರ ಜೊತೆಗೇ ಒಬ್ಬರು ಒಳಗಿರಿ, ಬೆಲೆಬಾಳುವ ವಸ್ತು ಮೈಮೇಲಿರಲಿ. ನಗರದ ಸಂಚಾರ ಪೊಲೀಸರು ತಡೆದು ಸ್ಥಳದಲ್ಲೇ ಹಣ ಕೇಳಿದರೆ, ದಂಡದ ಚೀಟಿ ಕೊಡಿ, ಕಚೇರಿಯಲ್ಲೇ ಕಟ್ಟುತ್ತೇನೆ ಎಂದು ಸಮಾಧಾನದಿಂದ ಹೇಳಿ. ಚೀಟಿಗೆ ಸ್ಪ್ಯಾನಿಷ್‌ನಲ್ಲಿ ಬೊಲೇತಾ ಎನ್ನುತ್ತಾರೆ. ನಿಜಕ್ಕೂ ತಪ್ಪು ಮಾಡಿದ್ದರೆ ಕಟ್ಟಿ. ಮಾಡಿರದಿದ್ದರೆ ಹೆಚ್ಚಿನ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ.

ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 078ಕ್ಕೆ ಫೋನ್ ಮಾಡಿ. ಪ್ರವಾಸೋದ್ಯಮ ಇಲಾಖೆಯ ಹಸಿರು ಗಾಡಿಗಳ ಆಂಹೆಲೆಸ್ ವೆರ್ದೆಸ್ ಸಿಬ್ಬಂದಿ ಬರುತ್ತಾರೆ. ಕೆಲಸಕ್ಕೆ ಹಣವಿಲ್ಲ, ಬಿಡಿಭಾಗ ಮತ್ತು ಇಂಧನಕ್ಕೆ ಮಾತ್ರ. ತುರ್ತಿಗೆ 911. ಪಂಕ್ಚರ್ ಅಂಗಡಿ ಪ್ರತಿ ಊರಲ್ಲೂ ಇದೆ, ಆದರೆ ನಿಮ್ಮ ಅಳತೆಯ ಟೈರು ಇರಲಾರದು. ಅನೇಕ ಮೋಟರ್‌ಹೋಮ್‌ಗಳು ಸ್ಟೆಪ್ನಿ ಇಲ್ಲದೆಯೇ ಬರುತ್ತವೆ. ಡಿಸ್ಕ್ ಇಲ್ಲದಿದ್ದರೂ ಚಿಂತೆಯಿಲ್ಲ, ಟೈರೊಂದನ್ನಾದರೂ ಕಟ್ಟಿಕೊಂಡು ಹೋಗಿ. ಎಂಜಿನ್ ಬೆಲ್ಟು, ನೀರಿನ ಪಂಪಿನ ಒಂದು ಜೊತೆ, ಫ್ಯೂಸುಗಳು, ಕನ್ನಡಿಯ ಗಾಜು ಇವೂ ಇರಲಿ.

ಮರಳುವಾಗಿನ ವಿಚಾರ ಹೇಳಿ ಮುಗಿಸುತ್ತೇನೆ. ಮೆಕ್ಸಿಕೊ ವೀಸಾ ಪಡೆದು ಹೋದ ಎಚ್‌-1ಬಿಯವರು, ಅಮೆರಿಕದ ವೀಸಾ ಅವಧಿ ಮುಗಿದಿದ್ದರೂ, 30 ದಿನದೊಳಗೆ ಮರಳಿದರೆ ಚಾಲ್ತಿಯಲ್ಲಿರುವ ಐ-94 (ಅಮೆರಿಕದಲ್ಲಿ ಎಂದಿನವರೆಗೆ ಇರಬಹುದೆಂದು ಹೇಳುವ ಪ್ರವೇಶ ದಾಖಲೆ) ತೋರಿಸಿ ಒಳಬರಬಹುದು. ಆದರೆ ಮೆಕ್ಸಿಕೊದಲ್ಲಿದ್ದಾಗ ಅಮೆರಿಕದ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಅವಕಾಶ ಹೋಗುತ್ತದೆ. ಆಗ ಅದು ಮಂಜೂರಾಗುವವರೆಗೆ ಅಲ್ಲೇ. ಐ-94 ಮುದ್ರಿತ ಪ್ರತಿ, ಐ-797 ಎರಡೂ ಕೈಯಲ್ಲಿರಲಿ. ಅಪ್ಪ ಅಮ್ಮನ ಐ-94 ಸಣ್ಣ ಪ್ರವಾಸದಿಂದ ಹೊಸದಾಗಿ ಆರು ತಿಂಗಳಿಗೆ ಹಿಗ್ಗುತ್ತದೆ ಎಂದು ಲೆಕ್ಕ ಹಾಕಬೇಡಿ. ಹಳೆಯ ದಿನಾಂಕವೇ ಉಳಿಯುವುದು ಸಾಮಾನ್ಯ.

ಕಾರಿನ ಪರ್ಮಿಟ್ಟನ್ನು ಅವಧಿಯೊಳಗೆ, ಮೆಕ್ಸಿಕೊ ಬದಿಯ ಬಾನ್‌ಹೆರ್ಸಿತೊ ಕಿಟಕಿಯಲ್ಲಿ ಗಾಡಿ ತೋರಿಸಿ ರದ್ದು ಮಾಡಿಸಿದರಷ್ಟೇ ಠೇವಣಿ ವಾಪಸ್. ಸೇತುವೆ ದಾಟಿದ ಮೇಲೆ ನೆನಪಾದರೆ ಗಾಡಿ ಸಮೇತ ತಿರುಗಿ ಹೋಗಬೇಕು. ಮೋಟರ್‌ಹೋಮ್‌ನ ಹತ್ತು ವರ್ಷದ ಪರ್ಮಿಟ್ ಪ್ರತಿ ಸಲ ರದ್ದುಪಡಿಸಬೇಕಿಲ್ಲ. ಗಾಡಿ ಮಾರುವ ಮುನ್ನ ಮಾತ್ರ ರದ್ದುಪಡಿಸಲೇಬೇಕು. ಹಾಗೆ ಮಾಡದಿದ್ದರೆ ಆ ಗಾಡಿ ನಿಮ್ಮ ಹೆಸರಲ್ಲೇ ಇನ್ನೂ ಮೆಕ್ಸಿಕೊದಲ್ಲಿದೆ ಎಂದು ದಾಖಲೆ ಹೇಳುತ್ತಿರುತ್ತದೆ. ಕೊಂಡವರಿಗೆ ಪರ್ಮಿಟ್ ಸಿಗದು, ನೀವು ಇನ್ನೊಂದು ಮೋಟರ್‌ಹೋಮ್ ಒಯ್ಯಲೂ ಆಗದು. ಹಳೆಯ ಗಾಡಿ ಕೊಳ್ಳುವ ಕನ್ನಡಿಗರು ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಇದು ಎಂದಾದರೂ ಮೆಕ್ಸಿಕೊಗೆ ಹೋಗಿತ್ತೇ, ಹೋಗಿದ್ದರೆ ರದ್ದುಪಡಿಸಿದ ಚೀಟಿ ಎಲ್ಲಿದೆ?

ಇಂತಿ,
ನಿಮ್ಮ ಓದುಗ,
ಸ್ಯಾನ್ ಆಂಟೋನಿಯೊ, ಟೆಕ್ಸಸ್